ಬೆಟ್ಟದ ನೀಲಿ, ನೀರಿನ ಬಣ್ಣ

ಚಿತ್ರಶಾಲೆಯಲ್ಲಿ ತೈಲವರ್ಣದ ನಿಸರ್ಗಚಿತ್ರವೊಂದರ ಎದುರು ನಿಂತ ಪ್ರೇಕ್ಷಕನು ಬೆಟ್ಟದ ಮೈಯಲ್ಲಿ ನೇರಿಳೆಯನ್ನೂ, ಮರದ ನೆರಳಿನಲ್ಲಿ ನೀಲಿಯನ್ನೂ, ಹೊಳೆಯ ನೀರಿನಲ್ಲಿ ಕಿತ್ತಳೆಯ ತುಣುಕುಗಳನ್ನೂ ಕಂಡು, ‘ಇಷ್ಟೊಂದು ಬಣ್ಣ ಎಲ್ಲಾದರೂ ಉಂಟೆ?’ ಎಂದು ಸಂದೇಹಪಡುವುದು ಸಹಜವೇ ಸರಿ. ಬೆಟ್ಟವೆಂದರೆ ಹಸಿರು, ಬಂಡೆಯೆಂದರೆ ಬೂದು, ನೀರೆಂದರೆ ನೀಲಿ, ನೆರಳೆಂದರೆ ಕಪ್ಪು ಎಂಬ ಪಾಠವನ್ನು ನಾವೆಲ್ಲರೂ ಶಾಲೆಯ ಬಣ್ಣದ ಪೆಟ್ಟಿಗೆಯೊಡನೆಯೇ ಕಲಿತವರು. ಆ ಪಾಠಕ್ಕೆ ಹೊಂದದ ಚಿತ್ರವನ್ನು ಕಲಾವಿದನ ಭಾವಾತಿರೇಕವೆಂದೋ, ಗೋಡೆಯ ಅಲಂಕಾರಕ್ಕೆಂದು ತುಂಬಿದ ಅಬ್ಬರವೆಂದೋ ಬಗೆದು ಮುಂದಕ್ಕೆ ಸಾಗುವುದು ನಮಗೆ ಸುಲಭ. ಆದರೆ ಬೆಂಗಳೂರಿನ ಮರ, ಬೆಟ್ಟ, ಬಯಲುಗಳನ್ನು ಬಯಲಿನಲ್ಲಿಯೇ ನಿಂತು ಬರೆದ ರುಮಾಲೆ ಚೆನ್ನಬಸವಯ್ಯನವರ ಕೃತಿಗಳನ್ನು ಸಾವಕಾಶವಾಗಿ ನೋಡಿದವರಿಗೆ ಈ ತೀರ್ಪು ಅಷ್ಟು ಸುಲಭವಾಗಿ ಒಪ್ಪಿಗೆಯಾಗದು. ಮೊದಲ ನೋಟಕ್ಕೆ ಅತಿಯೆನಿಸಿದ ಆ ವರ್ಣಸಂಪತ್ತಿನ ಒಂದೊಂದು ತುಣುಕಿಗೂ ಪ್ರಕೃತಿಯಲ್ಲಿ ಆಧಾರವುಂಟೆಂಬುದೂ, ಆ ಆಧಾರವನ್ನು ಅವರು ಕಣ್ಣಿನಿಂದಲೇ ಸಂಪಾದಿಸಿದರೆಂಬುದೂ ವಿಚಾರ ಮಾಡಿದಷ್ಟೂ ಸ್ಪಷ್ಟವಾಗುತ್ತ ಹೋಗುತ್ತದೆ.

ಕುಂಚವನ್ನಿಟ್ಟು ಮರಳಿ ಹಿಡಿದವರು

ನೇಕಾರರ ಊರೆಂದು ಹೆಸರಾದ ದೊಡ್ಡಬಳ್ಳಾಪುರದಲ್ಲಿ 1910ರಲ್ಲಿ ಜನಿಸಿದ ಚೆನ್ನಬಸವಯ್ಯನವರು, ಎ. ಎನ್. ಸುಬ್ಬರಾಯರು 1919ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಕಲಾಮಂದಿರದಲ್ಲಿಯೂ, ಅನಂತರ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿಯೂ ಚಿತ್ರವಿದ್ಯೆಯನ್ನು ಅಭ್ಯಸಿಸುತ್ತಿದ್ದ ಕಾಲಕ್ಕೆ, ನಾಡಿನ ತರುಣರನ್ನೆಲ್ಲ ಸೆಳೆಯುತ್ತಿದ್ದ ಸ್ವಾತಂತ್ರ್ಯದ ಚಳವಳಿಯು ಅವರನ್ನೂ ಸೆಳೆಯಿತು. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು 1923ರಲ್ಲಿ ಕಟ್ಟಿದ ಸೇವಾದಳದ ಶಿಸ್ತಿಗೆ ಒಳಪಟ್ಟು, ಗಾಂಧೀಮಾರ್ಗವನ್ನು ಹಿಡಿದು, ಸೆರೆಮನೆಯನ್ನೂ ಕಂಡು, ಸ್ವಾತಂತ್ರ್ಯಾನಂತರ ‘ತಾಯಿನಾಡು’ ದಿನಪತ್ರಿಕೆಯ ಕಾರ್ಯದಲ್ಲಿಯೂ ವಿಧಾನ ಪರಿಷತ್ತಿನ ಸದಸ್ಯತ್ವದಲ್ಲಿಯೂ ಸಾರ್ವಜನಿಕ ಜೀವನದ ಭಾರವನ್ನು ಹೊತ್ತು, ಐವತ್ತರ ವಯಸ್ಸು ದಾಟಿದ ಮೇಲೆ, 1960ರ ದಶಕದ ಆರಂಭದಲ್ಲಿ, ಅವರು ಕೈಬಿಟ್ಟಿದ್ದ ಕುಂಚವನ್ನು ಮತ್ತೆ ಹಿಡಿದರು. ಅಲ್ಲಿಂದ 1988ರಲ್ಲಿ ತೀರಿಕೊಳ್ಳುವವರೆಗೆ ಜಲವರ್ಣದಲ್ಲಿಯೂ ತೈಲವರ್ಣದಲ್ಲಿಯೂ ಅವರು ರಚಿಸಿದ ನಿಸರ್ಗಚಿತ್ರಗಳ ರಾಶಿಯನ್ನು ನೋಡಿದರೆ, ನಡುವೆ ಕಳೆದುಹೋದ ದಶಕಗಳ ಸಾಲವನ್ನು ತೀರಿಸಲು ಹೊರಟವರ ಆತುರವಾಗಲಿ, ಹೊಸದೊಂದು ಸಂಪ್ರದಾಯವನ್ನು ಸಾರಲು ಹೊರಟವರ ಘೋಷಣೆಯಾಗಲಿ ಅಲ್ಲಿ ಕಾಣದೆ, ದಿನಚರಿಯಾಗಿಬಿಟ್ಟ ಒಂದು ವ್ರತದ ನಿಷ್ಠೆ ಕಾಣುತ್ತದೆ.

ಅವರ ಕೃತಿಗಳನ್ನು ಕಾಪಾಡಿ ಜನರಿಗೆ ತೋರಿಸಬೇಕೆಂಬ ಸಂಕಲ್ಪದಿಂದ ‘ರುಮಾಲೆ ಆರ್ಟ್ ಹೌಸ್’ ರೂಪುಗೊಂಡುದು ರಾಜಾಜಿನಗರದಲ್ಲಿ. ಕಾರ್ಖಾನೆಗಳ ಸೈರನ್ನಿಗೂ ವಸತಿ ಬಡಾವಣೆಗಳ ಅಚ್ಚುಕಟ್ಟಿಗೂ ಹೆಸರಾದ, ಚಕ್ರವರ್ತಿ ರಾಜಗೋಪಾಲಾಚಾರ್ಯರ ಹೆಸರನ್ನು ಹೊತ್ತ ಈ ಪಶ್ಚಿಮದ ಬಡಾವಣೆಯು ನಿಸರ್ಗಚಿತ್ರಗಳಿಗೆ ಮನೆಯಾದುದು ಮೇಲುನೋಟಕ್ಕೆ ವಿಚಿತ್ರವೆನಿಸಬಹುದು. ಆದರೆ ಈ ನೆಲದ ಭೂಗೋಳವನ್ನು ತುಸು ಗಮನಿಸಿದರೆ ಅದರಲ್ಲಿ ಒಂದು ಔಚಿತ್ಯವೂ ಉಂಟು. ರುಮಾಲೆಯವರ ಹುಟ್ಟೂರಿನ ಪಕ್ಕದ ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯು ದೊಡ್ಡಬಳ್ಳಾಪುರವನ್ನು ಹಾದು, ಹೆಸರಘಟ್ಟದ ಕೆರೆಯನ್ನು ತುಂಬಿ, ತಿಪ್ಪಗೊಂಡನಹಳ್ಳಿಯಲ್ಲಿ ಶಿವಗಂಗೆಯ ಕಡೆಯಿಂದ ಬರುವ ಕುಮುದ್ವತಿಯನ್ನು ಕೂಡಿ, ಬೆಂಗಳೂರಿನ ಪಶ್ಚಿಮವನ್ನು ಬಳಸಿಕೊಂಡು ದಕ್ಷಿಣಕ್ಕೆ ಹರಿಯುತ್ತದೆ. ಇತ್ತ ರಾಜಾಜಿನಗರ, ವಿಜಯನಗರಗಳ ತಗ್ಗಿನ ನೀರನ್ನೆಲ್ಲ ಕೂಡಿಸಿಕೊಳ್ಳುವ ವೃಷಭಾವತಿಯು ಗಾಳಿ ಆಂಜನೇಯನ ಗುಡಿಯ ಮಗ್ಗುಲಿಂದ ನಾಯಂಡಹಳ್ಳಿ, ಕೆಂಗೇರಿಗಳನ್ನು ದಾಟಿ, ಕನಕಪುರದ ಸೀಮೆಯಲ್ಲಿ ಅದೇ ಅರ್ಕಾವತಿಯನ್ನು ಸೇರುತ್ತದೆ. ಕಲಾವಿದನು ಹುಟ್ಟಿದ ಊರಿನ ಹೊಳೆಯೂ, ಅವನ ಚಿತ್ರಗಳು ನೆಲೆಸಿದ ಊರಿನ ಹೊಳೆಯೂ ಹೀಗೆ ಒಂದಾಗಿ ಸಂಗಮದಲ್ಲಿ ಕಾವೇರಿಗೆ ಬೀಳುತ್ತವೆ.

ಅಗಸೆ ಎಣ್ಣೆಯ ಗುಣ

ಬಯಲಿನಲ್ಲಿ ನಿಂತು ಚಿತ್ರ ಬರೆಯುವವನಿಗೆ ಮೊದಲ ವೈರಿ ಕಾಲ. ಸೂರ್ಯನು ಆಕಾಶದಲ್ಲಿ ಗಂಟೆಗೆ 15 ಅಂಶದಂತೆ ಸರಿಯುತ್ತಾನಾದುದರಿಂದ, ಎರಡು ಗಂಟೆಯ ಕಾಲ ಒಂದೆಡೆ ನಿಂತು ಬರೆದವನ ಚಿತ್ರದಲ್ಲಿ, ಆತನು ಎಚ್ಚರ ತಪ್ಪಿದರೆ, ಮೊದಲು ಬರೆದ ನೆರಳು ಒಂದು ದಿಕ್ಕಿಗೂ ಕೊನೆಗೆ ಬರೆದ ನೆರಳು ಇನ್ನೊಂದು ದಿಕ್ಕಿಗೂ ಬಿದ್ದು, ಒಂದೇ ಮರಕ್ಕೆ ಇಬ್ಬರು ಸೂರ್ಯರನ್ನು ಕಲ್ಪಿಸಿದಂತಾಗುತ್ತದೆ. ಇದಕ್ಕೆ ಅನುಭವಿಗಳು ಕಂಡುಕೊಂಡ ಉಪಾಯವೆಂದರೆ ಒಂದು ದಿನ ಒಂದೆರಡು ಗಂಟೆ ಬರೆದು, ಕ್ಯಾನ್ವಾಸನ್ನು ಎತ್ತಿಟ್ಟು, ಮರುದಿನ ಅದೇ ಹೊತ್ತಿಗೆ ಅದೇ ಸ್ಥಳಕ್ಕೆ ಮರಳುವುದು. ಹೀಗೆ ಕಾಯಬಲ್ಲ ಮಾಧ್ಯಮವೆಂದರೆ ತೈಲವರ್ಣವೇ.

ಜಲವರ್ಣದಲ್ಲಿ ನೀರು ಆವಿಯಾದೊಡನೆ ಬಣ್ಣ ಕಾಗದಕ್ಕೆ ಕಚ್ಚಿಕೊಳ್ಳುತ್ತದೆ. ತಪ್ಪಿದ ಗೆರೆಯನ್ನು ತಿದ್ದಲು ಅಲ್ಲಿ ಆಸ್ಪದ ಕಡಮೆ, ಬೆಳಕು ಬೇಕಾದೆಡೆ ಕಾಗದದ ಬಿಳುಪನ್ನು ಮೊದಲೇ ಉಳಿಸಿಕೊಳ್ಳಬೇಕು. ತೈಲವರ್ಣದ ನಡೆಯೇ ಬೇರೆ. ಬಣ್ಣದ ಪುಡಿಯನ್ನು ಅಗಸೆ ಬೀಜದ ಎಣ್ಣೆಯಲ್ಲಿ ಅರೆದು ಮಾಡಿದ ಈ ಲೇಪನವು ಆರುವುದು ಆವಿಯಾಗುವುದರಿಂದಲ್ಲ. ಎಣ್ಣೆಯು ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾದ ಪೊರೆಯಾಗುತ್ತದೆ. ಹಸಿಯಿರುವಾಗ ಒಂದು ಬಣ್ಣದೊಳಕ್ಕೆ ಇನ್ನೊಂದನ್ನು ಬೆರೆಸಬಹುದು, ಬೇಡವಾದುದನ್ನು ಚಾಕುವಿನಿಂದ ಕೆರೆದು ತೆಗೆಯಬಹುದು, ಕತ್ತಲೆಯ ಮೇಲೆ ಬೆಳಕನ್ನಿಡಬಹುದು. ಕೆಳಗಿನ ಪದರ ತೆಳುವಾಗಿಯೂ ಮೇಲಿನ ಪದರ ಎಣ್ಣೆಯಿಂದ ಪುಷ್ಟವಾಗಿಯೂ ಇರಬೇಕೆಂಬುದು ಈ ವಿದ್ಯೆಯ ಹಳೆಯ ನಿಯಮ. ಅದನ್ನು ಮೀರಿ, ಬೇಗನೆ ಆರುವ ತೆಳು ಪದರವನ್ನು ಎಣ್ಣೆ ತುಂಬಿದ ಪದರದ ಮೇಲೆ ಹಚ್ಚಿದರೆ, ಕೆಳಗಿನದು ಇನ್ನೂ ಮಿಸುಕುತ್ತಿರುವಾಗಲೇ ಮೇಲಿನದು ಬಿಗಿದು, ಕೆಲವು ವರ್ಷಗಳಲ್ಲಿ ಚಿತ್ರದ ಮೈ ಬಿರುಕುಬಿಡುತ್ತದೆ.

ತೈಲವರ್ಣವು ಮನೆಯಿಂದ ಬಯಲಿಗೆ ಬಂದುದೂ ಒಂದು ಸಣ್ಣ ಯಂತ್ರಕೌಶಲದ ಫಲ. ಜಾನ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಕಾರನು 1841ರಲ್ಲಿ ಒತ್ತಿದರೆ ಬಣ್ಣ ಹೊರಬರುವ ಲೋಹದ ಟ್ಯೂಬನ್ನು ನಿರ್ಮಿಸುವವರೆಗೆ, ಅರೆದ ಬಣ್ಣವನ್ನು ಹಂದಿಯ ಮೂತ್ರಕೋಶದಲ್ಲಿ ಕಟ್ಟಿಡಬೇಕಾಗಿದ್ದುದರಿಂದ, ಅದನ್ನು ಹೊತ್ತು ಬೆಟ್ಟ ಹತ್ತುವುದು ಸುಲಭವಾಗಿರಲಿಲ್ಲ. ಅದೇ ಶತಮಾನದಲ್ಲಿ ರಸಾಯನಶಾಸ್ತ್ರವು ಚಿತ್ರಕಾರನ ಹಲಗೆಗೆ ಹೊಸ ವರ್ಣಗಳನ್ನು ತಂದುಕೊಟ್ಟಿತು. 1802ರಲ್ಲಿ ಫ್ರೆಂಚ್ ರಸಾಯನಜ್ಞ ಥೆನಾರನು ಕೋಬಾಲ್ಟ್ ನೀಲಿಯನ್ನು ಸಿದ್ಧಪಡಿಸಿದನು. ಅಫ್ಘಾನಿಸ್ತಾನದ ಗಣಿಗಳಿಂದ ಬರುವ ರಾಜಾವರ್ತದ ಕಲ್ಲನ್ನು ಅರೆದೇ ಪಡೆಯಬೇಕಾಗಿದ್ದ, ಬಂಗಾರದೊಡನೆ ತೂಗುವ ಬೆಲೆಯ ಅಲ್ಟ್ರಾಮರೀನ್ ನೀಲಿಯು 1820ರ ದಶಕದಿಂದ ಕಾರ್ಖಾನೆಯಲ್ಲಿ ತಯಾರಾಗತೊಡಗಿತು. ಅಗ್ಗವಾದ ನೀಲಿ ಇಲ್ಲದೆ ಬೆಟ್ಟಗಳ ಚಿತ್ರವಿಲ್ಲ. ಅದೇಕೆಂಬುದನ್ನು ಇನ್ನು ನೋಡಬಹುದು.

ದೂರದ ಬೆಟ್ಟವೇಕೆ ನೀಲಿ?

ಮಾಗಡಿ ರಸ್ತೆಯಲ್ಲಿ ಪಶ್ಚಿಮಕ್ಕೆ ಸಾಗುವವರಿಗೆ ಎದುರಾಗುವ ಸಾವನದುರ್ಗವು ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದ ಏಕಶಿಲೆ. ಅದರ ಎರಡು ಶಿಖರಗಳನ್ನು ಊರವರು ಕರಿಗುಡ್ಡ, ಬಿಳಿಗುಡ್ಡ ಎಂದು ಕರೆಯುತ್ತಾರೆ. ಬುಡದಲ್ಲಿ ನಿಂತವನಿಗೆ ಬಂಡೆಯ ಮೇಲೆ ಮಳೆನೀರು ಇಳಿದು ಮೂಡಿದ ಕಪ್ಪು ಪಟ್ಟೆಗಳೂ, ಹಾವಸೆಯ ಹಳದಿ ಹಸಿರು ಮಚ್ಚೆಗಳೂ, ಬಿಸಿಲು ಬಿದ್ದೆಡೆ ನಸುಗೆಂಪೂ ಕಾಣುತ್ತವೆ; ಅದೇ ಬೆಟ್ಟವನ್ನು ಹತ್ತಾರು ಮೈಲಿಯ ದೂರದಿಂದ ನೋಡಿದರೆ ಕರಿಯದೂ ಬಿಳಿಯದೂ ಒಂದೇ ನೀಲಿಯಲ್ಲಿ ಕರಗಿಹೋಗುತ್ತವೆ. ಬೆಟ್ಟಕ್ಕೂ ಕಣ್ಣಿಗೂ ನಡುವೆ ನಿಂತ ಗಾಳಿಯ ಕಣಗಳು ಬಿಸಿಲಿನಲ್ಲಿರುವ ನೀಲಿಯ ಅಲೆಗಳನ್ನು ಇತರ ಅಲೆಗಳಿಗಿಂತ ಹೆಚ್ಚಾಗಿ ಚದರಿಸುತ್ತವೆ. ಆಕಾಶಕ್ಕೆ ನೀಲಿಯನ್ನು ಕೊಟ್ಟುದೂ ಇದೇ ಕ್ರಿಯೆ. ಆದುದರಿಂದ ದೂರ ಹೆಚ್ಚಿದಂತೆಲ್ಲ ಬೆಟ್ಟದ ಕಪ್ಪು ಭಾಗಗಳ ಮೇಲೆ ನಡುವಣ ಗಾಳಿಯ ನೀಲಿ ಕವಿಯುತ್ತದೆ, ಬೆಳಗುವ ಭಾಗಗಳು ತಮ್ಮ ನೀಲಿಯನ್ನು ದಾರಿಯಲ್ಲಿ ಕಳೆದುಕೊಂಡು ತುಸು ಹಳದಿಗೆ ತಿರುಗುತ್ತವೆ, ಕಪ್ಪಿಗೂ ಬಿಳುಪಿಗೂ ಇದ್ದ ಅಂತರ ಕುಗ್ಗುತ್ತದೆ.

ನಿಸರ್ಗಚಿತ್ರಕಾರನು ದೂರವನ್ನು ತೋರಿಸುವುದು ಈ ಮೂರು ಮಾರ್ಪಾಡುಗಳಿಂದ. ಮುಂಬದಿಯ ಕಲ್ಲಿಗೆ ಕೆಂಪು ಮಣ್ಣಿನ ಬಿಸಿ ಬಣ್ಣಗಳನ್ನೂ ಕಡುಗಪ್ಪಿನ ಬಿರುಕುಗಳನ್ನೂ ಕೊಟ್ಟು, ನಡುವಿನ ತೋಪಿಗೆ ಹಸಿರಿನೊಡನೆ ತುಸು ನೀಲಿ ಬೆರೆಸಿ, ಹಿಂಬದಿಯ ಬೆಟ್ಟದ ಸಾಲಿಗೆ ಕೋಬಾಲ್ಟ್ ನೀಲಿ, ಬಿಳುಪು, ಎಳ್ಳಷ್ಟು ಗುಲಾಬಿ ಸೇರಿಸಿದನೆಂದರೆ, ಚಪ್ಪಟೆಯಾದ ಬಟ್ಟೆಯ ಮೇಲೆ ಮೂವತ್ತು ಮೈಲಿಯ ಬಯಲು ತೆರೆದುಕೊಳ್ಳುತ್ತದೆ. ಋತುವೂ ಇಲ್ಲಿ ತನ್ನ ಗುರುತನ್ನು ಬಿಡುತ್ತದೆ. ನಮ್ಮ ಬಯಲುಸೀಮೆಯಲ್ಲಿ ಏಪ್ರಿಲ್ ತಿಂಗಳ ಧೂಳಿನ ಕಣಗಳು ದೊಡ್ಡವಾದುದರಿಂದ ಅವು ಎಲ್ಲ ಬಣ್ಣಗಳನ್ನೂ ಸಮನಾಗಿ ಚದರಿಸಿ ಬೆಟ್ಟವನ್ನು ಬೂದುಬಿಳುಪಿಗೆ ತಿರುಗಿಸುತ್ತವೆ. ಮಳೆ ಬಂದು ಗಾಳಿ ತೊಳೆದ ಮರುದಿನ ಅದೇ ಬೆಟ್ಟ ಕಡುನೀಲಿಯಾಗಿ ಹತ್ತಿರಕ್ಕೆ ಬಂದಂತೆ ನಿಲ್ಲುತ್ತದೆ. ಸ್ಥಳದಲ್ಲಿಯೇ ಬರೆದ ಪ್ರಾಮಾಣಿಕ ಚಿತ್ರದಲ್ಲಿ ಬೆಟ್ಟದ ನೀಲಿಯನ್ನು ನೋಡಿಯೇ ತಿಂಗಳನ್ನು ಊಹಿಸಬಹುದೆಂದರೆ ಅತಿಶಯೋಕ್ತಿಯಾಗಲಾರದು.

ಹಾಸು ಹೊಕ್ಕಿನ ಬಣ್ಣ

ರುಮಾಲೆಯವರ ಹೆಸರನ್ನು ಬೆಂಗಳೂರು ಹೆಚ್ಚಾಗಿ ನೆನೆಯುವುದು ಹೂಬಿಟ್ಟ ಮರಗಳ ಚಿತ್ರಗಳಿಗಾಗಿ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ಸಸ್ಯಜ್ಞ ಗುಸ್ತಾವ್ ಕ್ರುಂಬಿಗಲ್ಲರು ಒಂದು ಜಾತಿಯ ಹೂ ಉದುರುವ ಹೊತ್ತಿಗೆ ಇನ್ನೊಂದು ಜಾತಿ ಅರಳುವಂತೆ ರಸ್ತೆಬದಿಯ ಮರಗಳನ್ನು ಆರಿಸಿ ನೆಡಿಸಿದ ಕ್ರಮವು, ನಗರದ ತಿಂಗಳುಗಳನ್ನು ಬಣ್ಣದಿಂದಲೇ ಗುರುತಿಸುವಂತೆ ಮಾಡಿತು: ಚಳಿ ಮುಗಿಯುವಾಗ ಟಬೇಬುಯ, ಬೇಸಗೆಯ ಮೊದಲಿಗೆ ಜಕರಂದಾ, ಬಿಸಿಲು ಏರಿದಂತೆ ಗುಲ್‌ಮೊಹರ್, ಕಕ್ಕೆ, ಹೊಳೆದಾಸವಾಳ. ಎಲೆಯೆಲ್ಲ ಉದುರಿ ಬರಿಯ ಹಳದಿಯೇ ಮರವಾಗಿ ನಿಂತ ಟಬೇಬುಯದ ವೈಭವ ಹೆಚ್ಚು ದಿನ ನಿಲ್ಲದು. ಒಂದು ಜೋರು ಗಾಳಿಗೆ ಅದು ನೆಲದ ಪಾಲು. ಅಂಥ ಮರವನ್ನು ಅದು ನಿಂತಿರುವಾಗಲೇ ಬರೆಯುವವನಿಗೆ ಒಂದೊಂದು ಹೂವಿನ ರೇಖಾಕೃತಿಯನ್ನು ಬಿಡಿಸುತ್ತ ಕೂರಲು ವ್ಯವಧಾನವಿಲ್ಲ. ಕುಂಚದ ಚಿಕ್ಕ ಚಿಕ್ಕ ಸ್ಪರ್ಶಗಳಿಂದ ಹಳದಿಯ ಪಕ್ಕಕ್ಕೆ ಹಳದಿಯ ಇನ್ನೊಂದು ಛಾಯೆ, ಅದರ ಪಕ್ಕಕ್ಕೆ ಕಿತ್ತಳೆ, ನೆರಳಾದೆಡೆ ನೇರಿಳೆ, ಹೀಗೆ ಕಲಸದ ಬಣ್ಣಗಳನ್ನು ಒತ್ತೊತ್ತಾಗಿ ಇಡುತ್ತ ಹೋಗುವುದು ರುಮಾಲೆಯವರ ರೀತಿ. ಕ್ಯಾನ್ವಾಸಿಗೆ ಮೊಗವಿಟ್ಟು ನೋಡಿದರೆ ದಪ್ಪನೆಯ ಬಣ್ಣದ ದಿಣ್ಣೆ ತಗ್ಗುಗಳು ಮಾತ್ರ ಕಾಣುತ್ತವೆ, ಮರವಿಲ್ಲ. ನಾಲ್ಕಾರು ಹೆಜ್ಜೆ ಹಿಂದೆ ಸರಿದರೆ ಮರವೂ ಉಂಟು, ಅದರ ಮೇಲೆ ಬಿದ್ದ ಬಿಸಿಲೂ ಉಂಟು.

ಕಲಸದ ಬಣ್ಣಗಳು ಹೀಗೆ ಬೆಳಗುವುದೇಕೆಂಬುದನ್ನು ಮೊದಲು ಶಾಸ್ತ್ರೀಯವಾಗಿ ವಿವರಿಸಿದವನು ನೇಯ್ಗೆಯ ಕಾರ್ಖಾನೆಯ ರಸಾಯನಜ್ಞನೆಂಬುದು ಗಮನಾರ್ಹ. ಪ್ಯಾರಿಸ್ಸಿನ ಗೊಬ್ಲಾಂ ಎಂಬ ರಾಜನೇಯ್ಗೆಯ ಶಾಲೆಯಲ್ಲಿ ಬಣ್ಣದ ಮೇಲ್ವಿಚಾರಕನಾಗಿದ್ದ ಶೆವ್ರೋಲನ ಬಳಿಗೆ, ಕಪ್ಪು ನೂಲು ಸೊಗಸುವುದಿಲ್ಲವೆಂಬ ದೂರು ಬಂದಿತು. ಪರೀಕ್ಷಿಸಿ ನೋಡಿದಾಗ ನೂಲಿನಲ್ಲಿ ದೋಷವಿರಲಿಲ್ಲ, ಅದರ ನೆರೆಯ ಬಣ್ಣಗಳು ಅದನ್ನು ಮಂಕುಗೊಳಿಸುತ್ತಿದ್ದುವು. ಪ್ರತಿಯೊಂದು ಬಣ್ಣವೂ ತನ್ನ ನೆರೆಯ ಬಣ್ಣವನ್ನು ತನ್ನ ವಿರುದ್ಧ ವರ್ಣದ ಕಡೆಗೆ ದೂಡುತ್ತದೆಂಬ ನಿಯಮವನ್ನು ಅವನು 1839ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು. ಹಳದಿಯ ಬಳಿ ನೇರಿಳೆ, ಕೆಂಪಿನ ಬಳಿ ಹಸಿರು, ಕಿತ್ತಳೆಯ ಬಳಿ ನೀಲಿ ಇದ್ದರೆ ಎರಡೂ ಉಜ್ಜ್ವಲವಾಗುತ್ತವೆ. ಅವನ್ನೇ ಹಲಗೆಯ ಮೇಲೆ ಕಲಸಿದರೆ ಎರಡೂ ಸತ್ತು ಕೆಸರಾಗುತ್ತವೆ. ಹಾಸಿಗೆ ಒಂದು ಬಣ್ಣದ ನೂಲನ್ನೂ ಹೊಕ್ಕಿಗೆ ಇನ್ನೊಂದು ಬಣ್ಣದ ನೂಲನ್ನೂ ಇಟ್ಟು ನೇಯ್ದ ರೇಷ್ಮೆಯ ಸೀರೆ, ಮಡಿಕೆ ತಿರುಗಿದಂತೆ ನವಿಲುಗೊರಳಾಗಿ ಹೊಳೆಯುವುದೂ ಕಲಸದೆ ಪಕ್ಕಪಕ್ಕಕ್ಕಿಟ್ಟ ಬಣ್ಣಗಳಿಂದಲೇ. ಮಗ್ಗದ ಸದ್ದಿನ ನಡುವೆ ಹುಟ್ಟಿದ ಊರಿನವರಿಗೆ ಈ ಸತ್ಯವನ್ನು ಅರಿಯಲು ಫ್ರೆಂಚ್ ಗ್ರಂಥವನ್ನು ಓದಬೇಕಾದ ಅಗತ್ಯವಿರಲಾರದು.

ನೀರನ್ನು ಬರೆಯುವ ಕಷ್ಟ

ಬೆಟ್ಟ ನಿಂತಲ್ಲಿ ನಿಲ್ಲುತ್ತದೆ, ನೀರಿಗೆ ನಿಲುವಿಲ್ಲ. ಅದಕ್ಕಿಂತ ಹೆಚ್ಚಿನ ತೊಡಕೆಂದರೆ, ನೀರಿನಲ್ಲಿ ಕಾಣುವ ಬಣ್ಣದ ಬಹುಭಾಗ ನೀರಿನದಲ್ಲ. ಕಾಲಬುಡದಲ್ಲಿ, ನೇರ ಕೆಳಗೆ ನೋಡಿದಾಗ, ಬೆಳಕು ನೀರಿನೊಳಕ್ಕೆ ಹೊಕ್ಕು ತಳದ ಮರಳನ್ನೂ ಕಲ್ಲನ್ನೂ ತೋರಿಸುತ್ತದೆ. ದೃಷ್ಟಿ ದೂರಕ್ಕೆ ಓರೆಯಾಗಿ ಚಾಚಿದಂತೆಲ್ಲ ನೀರಿನ ಮೈ ಕನ್ನಡಿಯಾಗುತ್ತ ಹೋಗಿ, ಆಚೆಯ ದಡದ ಬಳಿ ಬರಿಯ ಆಕಾಶವೇ ಮಲಗಿರುತ್ತದೆ. ಇವೆರಡರ ನಡುವೆ ನೀರು ಹೊತ್ತು ತಂದ ಮಣ್ಣಿನ ಬಣ್ಣ. ಮುಂಗಾರಿನ ಮೊದಲ ಪ್ರವಾಹದಲ್ಲಿ ಕಾವೇರಿಯಾಗಲಿ ತುಂಗಭದ್ರೆಯಾಗಲಿ ಕೆಮ್ಮಣ್ಣಿನ ಕದಡಾಗಿ ಹರಿಯುವಾಗ ಅದನ್ನು ನೀಲಿಯಾಗಿ ಬರೆದವನು ನದಿಯನ್ನು ನೋಡಿಲ್ಲವೆಂದೇ ಅರ್ಥ. ಪ್ರತಿಬಿಂಬಕ್ಕೂ ಅದರದೇ ಆದ ನಿಯಮವುಂಟು: ದಡದ ಮೇಲಿನ ಬೆಳ್ಳನೆಯ ವಸ್ತು ನೀರಿನಲ್ಲಿ ತುಸು ಕಪ್ಪೇರಿಯೂ, ಕರ‍್ರಗಿನ ವಸ್ತು ತುಸು ಬಿಳುಪೇರಿಯೂ ಕಾಣುತ್ತದೆ. ಅಲೆಯೆದ್ದಾಗ ಆ ಪ್ರತಿಬಿಂಬ ಒಡೆದು ಉದ್ದುದ್ದವಾಗಿ ನೋಡುಗನ ಕಡೆಗೆ ಹರಡುತ್ತದೆ. ಸಂಜೆಯ ಹೊಳೆಯಲ್ಲಿ ಕಿತ್ತಳೆಯ ತುಣುಕುಗಳು ಚೆಲ್ಲಿದಂತೆ ತೋರುವುದು ಈ ಕಾರಣದಿಂದ. ಅಡ್ಡ ಎಳೆದ ನಾಲ್ಕು ಗೆರೆಗಳು ಸರಿಯಾದ ಬಣ್ಣದಲ್ಲಿ ಬಿದ್ದರೆ ನೀರು ಮೈಚಾಚಿ ಮಲಗುತ್ತದೆ, ಒಂದು ಬಣ್ಣ ತಪ್ಪಿದರೆ ಗೋಡೆಯಾಗಿ ಎದ್ದು ನಿಲ್ಲುತ್ತದೆ.

ಮೂವರು, ಮೂರು ಬಗೆ

ಬೆಂಗಳೂರಿನಲ್ಲಿ ನೆಲೆಸಿದ ಇನ್ನಿಬ್ಬರು ಚಿತ್ರಕಾರರ ಪಕ್ಕದಲ್ಲಿ ಇಟ್ಟು ನೋಡಿದರೆ ರುಮಾಲೆಯವರ ವೈಶಿಷ್ಟ್ಯ ಇನ್ನೂ ಸ್ಫುಟವಾಗುತ್ತದೆ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದು ಮೈಸೂರಿನ ಆಸ್ಥಾನದ ಮನ್ನಣೆಯನ್ನು ಪಡೆದ ಕೆ. ವೆಂಕಟಪ್ಪನವರು ಉದಕಮಂಡಲ, ಕೊಡೈಕನಾಲುಗಳ ಬೆಟ್ಟಗಳನ್ನು ಜಲವರ್ಣದಲ್ಲಿ ಬರೆದರು. ಮಂಜು, ಮೋಡ, ಇಳಿಜಾರಿನ ಹುಲ್ಲು, ಇವುಗಳ ಸೂಕ್ಷ್ಮಾತಿಸೂಕ್ಷ್ಮ ಛಾಯೆಗಳನ್ನು ತೆಳುವಾದ ಲೇಪದ ಮೇಲೆ ಲೇಪವಿಟ್ಟು ಹಿಡಿದ ಆ ಕೃತಿಗಳಲ್ಲಿ, ವೀಣೆಯ ಸಾಧಕರೂ ಆಗಿದ್ದ ಅವರ ಕೈಯ ಸಂಯಮವೇ ಪ್ರಧಾನ. ಕನಕಪುರ ರಸ್ತೆಯ ತಾತಗುಣಿಯಲ್ಲಿ ತೋಟ ಮಾಡಿಕೊಂಡು, ಚಿತ್ರನಟಿ ದೇವಿಕಾರಾಣಿಯವರೊಡನೆ ಬಾಳಿ, 1993ರಲ್ಲಿ ಬೆಂಗಳೂರಿನಲ್ಲಿಯೇ ಕಣ್ಮುಚ್ಚಿದ ಸ್ವೆತೊಸ್ಲಾವ್ ರೋರಿಕ್‌ರಾದರೋ, ಹಿಮಾಲಯವನ್ನು ಮಂತ್ರದಂತೆ ಮತ್ತೆ ಮತ್ತೆ ಬರೆದ ನಿಕೊಲಾಯ್ ರೋರಿಕ್‌ರ ಮಗ. ತಂದೆಮಕ್ಕಳ ಕೃತಿಗಳು ಚಿತ್ರಕಲಾ ಪರಿಷತ್ತಿನಲ್ಲಿವೆ. ಅವರ ಬೆಟ್ಟಗಳ ನೀಲಿ, ನೇರಿಳೆ, ಕೆಂಪುಗಳು ಒಂದು ಗಂಟೆಯ ಬೆಳಕಿಗೆ ಸೇರಿದವಲ್ಲ, ಒಂದು ದರ್ಶನಕ್ಕೆ ಸೇರಿದವು. ಬೆಟ್ಟವು ಅಲ್ಲಿ ಪ್ರತೀಕ.

ರುಮಾಲೆಯವರದು ಈ ಎರಡಕ್ಕೂ ಹೊರತಾದ ದಾರಿ. ವೆಂಕಟಪ್ಪನವರ ಮಿತಭಾಷೆಯಾಗಲಿ ರೋರಿಕ್‌ರ ಪ್ರತೀಕವಾಗಲಿ ಅವರಿಗೆ ಬೇಕಾಗಲಿಲ್ಲ. ಎಲ್ಲರೂ ದಿನನಿತ್ಯ ಹಾದುಹೋಗುವ ಕಬ್ಬನ್ ಪಾರ್ಕಿನ ಬಿದಿರಮೆಳೆಯೋ, ರಸ್ತೆಯಂಚಿನ ಹೂಮರವೋ ಅವರಿಗೆ ಸಾಕಾಗಿತ್ತು. ಸಾರ್ವಜನಿಕ ಜೀವನದಲ್ಲಿ ತಲೆ ನರೆದವರು ಕಲೆಗೆ ಮರಳಿದಾಗ ಹೋರಾಟದ ಕಥೆಯನ್ನೋ ನಾಯಕರ ಮುಖಗಳನ್ನೋ ಬರೆಯುತ್ತಾರೆಂದು ನಿರೀಕ್ಷಿಸಬಹುದಾಗಿತ್ತು. ಅವರು ಬರೆದುದು ಯಾರ ಸ್ವತ್ತೂ ಅಲ್ಲದ, ಎಲ್ಲರ ಪಾಲೂ ಆದ ಮರ ಬೆಟ್ಟ ಬೆಳಕುಗಳನ್ನು. ಅವರ ಗಾಂಧೀನಿಷ್ಠೆಗೂ ಚಿತ್ರಗಳಿಗೂ ಸಂಬಂಧವನ್ನು ಹುಡುಕುವವರು ಇಲ್ಲಿ ಹುಡುಕಬೇಕೆಂದು ನನಗೆ ತೋರುತ್ತದೆ.

ವೃಷಭಾವತಿಯ ಬಣ್ಣ

ಇಷ್ಟು ನೋಡಿದ ಮೇಲೆ ಪಶ್ಚಿಮ ಬೆಂಗಳೂರಿನ ನಿವಾಸಿಯ ಮನಸ್ಸು ತನ್ನದೇ ಹೊಳೆಯ ಕಡೆಗೆ ತಿರುಗುವುದು ಅನಿವಾರ್ಯ. ಮೈಸೂರು ರಸ್ತೆಯ ಮಗ್ಗುಲಿನಲ್ಲಿ, ಕಲ್ಲು ಕಾಂಕ್ರೀಟಿನ ಗೋಡೆಗಳ ನಡುವೆ ಹರಿಯುವ ವೃಷಭಾವತಿಯಲ್ಲಿ ಇಂದು ತಳ ಕಾಣದು, ಆಕಾಶವೂ ಸರಿಯಾಗಿ ಕಾಣದು. ಮನೆಗಳ ಕೊಳಚೆಯೂ ಕಾರ್ಖಾನೆಗಳ ತ್ಯಾಜ್ಯವೂ ಸೇರಿ ಕಪ್ಪಾದ ಆ ನೀರು, ಬೀಳುವೆಡೆಗಳಲ್ಲಿ ಬಿಳಿಯ ನೊರೆಯನ್ನೆಬ್ಬಿಸುತ್ತ ಬಿಡದಿಯ ಬಳಿಯ ಬೈರಮಂಗಲ ಕೆರೆಯನ್ನು ಸೇರುತ್ತದೆ. ಇದನ್ನು ನದಿಯೆಂದು ತಿಳಿಯದೆ ‘ಮೋರಿ’ ಎಂದೇ ಕರೆಯುತ್ತ ಬೆಳೆದ ಒಂದು ತಲೆಮಾರು ನಮ್ಮ ನಡುವೆ ಉಂಟು. ಅವರ ತಪ್ಪೇನೂ ಇಲ್ಲ. ಅವರು ಕಂಡ ನೀರಿನ ಬಣ್ಣವೇ ಅದು.

ನಿಸರ್ಗಚಿತ್ರದಿಂದ ನದಿ ಶುದ್ಧವಾಗುವುದಿಲ್ಲ. ಅದಕ್ಕೆ ಬೇಕಾದುದು ಶುದ್ಧೀಕರಣದ ಘಟಕಗಳು, ಕಾನೂನಿನ ಬಿಗಿ, ನಾಗರಿಕರ ಒತ್ತಾಯ. ಆದರೆ ಒತ್ತಾಯಕ್ಕೆ ಮೊದಲು ಅರಿವಾಗಬೇಕಾದುದು ಕಳೆದುಹೋದುದು ಏನೆಂಬುದು, ಮತ್ತು ಅದನ್ನು ಅಂಕಿಅಂಶಗಳಿಗಿಂತ ಬೇಗ ಕಣ್ಣಿಗೆ ಮುಟ್ಟಿಸುವ ಶಕ್ತಿ ಚಿತ್ರಕ್ಕೆ ಉಂಟು. ಓರೆಯಾಗಿ ನೋಡಿದರೆ ಆಕಾಶವನ್ನೂ, ಬಗ್ಗಿ ನೋಡಿದರೆ ಮರಳನ್ನೂ, ಮಳೆಗಾಲದಲ್ಲಿ ಕೆಮ್ಮಣ್ಣನ್ನೂ ತೋರಿಸಬೇಕಾದುದು ಹೊಳೆಯ ಧರ್ಮವೆಂದು ಚಿತ್ರಶಾಲೆಯಲ್ಲಿ ಕಲಿತವನು, ಕೆಂಗೇರಿಯ ಸೇತುವೆಯ ಮೇಲೆ ಬಸ್ಸು ನಿಂತಾಗ ಕೆಳಗಿನ ಕಪ್ಪನ್ನು ನೋಡಿ, ನೀರು ಇರುವುದೇ ಹೀಗೆ ಎಂದು ಸುಮ್ಮನಾಗಲಾರನು. ಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ ಪ್ರಾಣಿಸಂಗ್ರಹಾಲಯಕ್ಕೆ ಕರೆದೊಯ್ಯುವ ನಮ್ಮ ಬಡಾವಣೆಗಳ ಉಪಾಧ್ಯಾಯರು, ಒಂದು ದಿನ ಅವರನ್ನು ಇಂಥ ಚಿತ್ರಗಳ ಎದುರಿಗೂ, ಅದೇ ವಾರದಲ್ಲಿ ಇನ್ನೊಂದು ದಿನ ವೃಷಭಾವತಿಯ ದಂಡೆಗೂ ಕರೆದೊಯ್ದು, ಎರಡೂ ಕಡೆ ಕಂಡ ಬಣ್ಣಗಳನ್ನು ಕಾಗದದ ಮೇಲೆ ಬರೆಯಿಸಿದರೆ, ಚಿತ್ರಕಲೆಯ ಪಾಠವೂ ಪರಿಸರದ ಪಾಠವೂ ಒಂದೇ ಖರ್ಚಿನಲ್ಲಿ ಮುಗಿದಾವು.